ಗ್ಯಾರೇಜಿನಲ್ಲಿ ಹೊಳೆ

ನ್ಯೂಜೆರ್ಸಿಯ ಪಾರ್ಸಿಪನಿಯ ಆ ಮನೆಯಲ್ಲಿ ಜಗಳ ಮೊದಲು ಹೊಕ್ಕಿದ್ದು ಮೂಗಿಗೆ. ಬಾಯಿಗೆ ಬಂದದ್ದು ಆಮೇಲೆ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು, ಕಿಟಕಿಗಳೆಲ್ಲ ಮುಚ್ಚಿ, ಹೀಟಿಂಗ್ ಶುರುವಾಗಿತ್ತು. ಬೇಸ್‌ಮೆಂಟಿನ ಮೂಲೆಯಲ್ಲಿ ನೀತಾ ಬ್ರಷ್ ತೊಳೆಯಲೆಂದು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತಿರುವಿದರೆ ಸಾಕು, ವಾಸನೆ ಬಿಸಿಗಾಳಿಯ ಬೆನ್ನೇರಿ ವೆಂಟಿನಿಂದ ವೆಂಟಿಗೆ ಹೋಗಿ, ಅಡುಗೆಮನೆ, ದೇವರ ಗೂಡು, ಮಹಡಿಯ ಕೋಣೆ ಎಲ್ಲ ಕಡೆಯೂ ಹಾಜರಿ ಹಾಕಿ ಬರುತ್ತಿತ್ತು.

“ನೀತಾ, ನಾ ದೇವರ ಮುಂದ ಊದಿನಕಡ್ಡಿ ಹಚ್ಚೀನೋ, ಸೀಮಿಎಣ್ಣಿ ಸ್ಟೋವ್ ಹಚ್ಚೀನೋ, ನನಗ ತಿಳೀವಲ್ದವಾ,” ಎಂದು ಅತ್ತೆ ಕಾಶಿಬಾಯಿ ಮೆಟ್ಟಿಲ ಮೇಲಿನಿಂದ ಕೂಗಿದರು. ಧಾರವಾಡ ಬಿಟ್ಟು ಮಗನ ಮನೆ ಸೇರಿ ಎಂಟು ವರ್ಷವಾಗಿದ್ದರೂ ಅವರ ಮಾತಿನ ಖಾರ ಮಾತ್ರ ಊರಿನದೇ.

“ಐದೇ ನಿಮಿಷ ಅತ್ತೆ, ಮುಗೀತು,” ಎಂದಳು ನೀತಾ ಕೆಳಗಿನಿಂದ. ಅವಳು ಮೈಸೂರಿನವಳು. ಅವಳ ಐದು ನಿಮಿಷವೂ ಮೈಸೂರಿನದೇ, ನಿಧಾನ.

ನೀತಾ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತಿದ್ದಳು. ಎರಡು ವರ್ಷದಿಂದ ವಾರಕ್ಕೊಂದು ಸಂಜೆ ಲೈಬ್ರರಿಯ ಹಾಲಿನಲ್ಲಿ ಆಯಿಲ್ ಪೇಂಟಿಂಗ್ ಕಲಿಯುತ್ತಿದ್ದಳು. ಕಲಿಸುವ ಲೊರೇನ್ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿ ರಿಟೈರ್ ಆದವಳು. ಜನವರಿಯಲ್ಲಿ ಲೈಬ್ರರಿಯಲ್ಲೇ ನಡೆಯುವ ವಿಂಟರ್ ಷೋಗೆ ಈ ಸಲ ನೀತಾಳ ಚಿತ್ರವೊಂದು ಬರಲೇಬೇಕು ಎಂದು ಆಕೆ ಹಟ ಹಿಡಿದಿದ್ದಳು. ನೀತಾ ಆರಿಸಿಕೊಂಡದ್ದು ಮನೆಗೆ ಹತ್ತಿರದ ರಾಕವೇ ನದಿಯನ್ನು: ಅರ್ಧ ಹೆಪ್ಪುಗಟ್ಟಿದ ನೀರು, ದಡದ ಹಿಮ, ಬೋಳು ಮರ, ಎಳೆ ಬಿಸಿಲು. ಅದೂ ಇಂಪ್ರೆಷನಿಸ್ಟ್ ಶೈಲಿಯಲ್ಲಿ. ಅಂದರೆ ಕೊಂಬೆ ಕೊಂಬೆ ಬಿಡಿಸುವಂತಿಲ್ಲ. ಆ ಗಳಿಗೆಯ ಬೆಳಕು ಕಣ್ಣಿಗೆ ಹೇಗೆ ಬಡಿಯಿತೋ ಹಾಗೇ ಬಣ್ಣವನ್ನು ತುಣುಕು ತುಣುಕಾಗಿ ಇಡಬೇಕು. ಹತ್ತಿರ ನಿಂತರೆ ಬರೀ ಬಣ್ಣದ ಮುದ್ದೆ. ದೂರ ಸರಿದು ನೋಡಿದರೆ ನದಿ.

ಆ ಮನೆಯಲ್ಲಿ ಯಾರೂ ದೂರ ಸರಿಯುವ ಪೈಕಿ ಅಲ್ಲ.

ಗಂಡ ಅನಿರುದ್ಧ್ ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರ್. ಕನ್ನಡ ಕೂಟದ ಸಮಾರಂಭಗಳಲ್ಲಿ ಮೈಕ್ ಸಿಕ್ಕರೆ ಮಿಮಿಕ್ರಿ ಮಾಡದೆ ಕೆಳಗಿಳಿದವನಲ್ಲ. ಮನೆಯಲ್ಲಂತೂ ಮೈಕೂ ಬೇಕಿರಲಿಲ್ಲ. ಲೊರೇನಳ ಹಾಗೆ ಕುತ್ತಿಗೆ ಓರೆ ಮಾಡಿ, “ಲೂಸನ್ ಅಪ್, ನೀಟಾ, ಲೂಸನ್ ಅಪ್,” ಎನ್ನುವನು. ನೀತಾಳ ಹಾಗೆ ಸ್ವರ ಎಳೆದು, “ಐದೇ ನಿಮಿಷ ಕಣ್ರೀ,” ಎನ್ನುವನು. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದ್ದ ತಮ್ಮ ವಿಕ್ರಾಂತನಿಗೆ ಫೋನು ಮಾಡಿ, ನಿಮ್ಮ ವೈನಿ ಮುಂಜಾನೆ ಎದ್ದ ಕೂಡಲೇ ಎಣ್ಣಿ ಶುರು ಹಚ್ಕೋತಾಳಪ್ಪಾ ಎಂದು ನಗಿಸಿದ್ದ. ಅದು ನೀತಾಳ ಕಿವಿಗೂ ಬಿದ್ದಿತ್ತು.

ಆ ಭಾನುವಾರ ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ. ನೀತಾ ಶುರು ಮಾಡಿದ್ದ ಚಿತ್ರವನ್ನು ಮಗಳು ಶ್ರಿಯಾ ಬೇಸ್‌ಮೆಂಟಿನಿಂದ ತಂದು ಗೋಡೆಗೆ ಒರಗಿಸಿದ್ದಳು, ಎಲ್ಲರೂ ನೋಡಲಿ ಎಂದು. ಅವಳು ಮ್ಯಾನ್‌ಹಟನ್‌ನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಬಾಡಿಗೆ ಹೆಚ್ಚೆಂದು ಮನೆಯಿಂದಲೇ ರೈಲಿನಲ್ಲಿ ಓಡಾಡುತ್ತಿದ್ದಳು.

ಅನಿರುದ್ಧ್ ರೊಟ್ಟಿ ಮುರಿಯುತ್ತ ಚಿತ್ರ ನೋಡಿದ. “ಬರ್ಫ ಬೆಳ್ಳಗಿರ್ತದ ಅಂತ ನಾ ತಿಳಕೊಂಡಿದ್ದೆ. ಇದಕ್ಕ ಎಣಗಾಯಿ ಬಣ್ಣ ಯಾಕ?”

“ನೆರಳಲ್ಲಿ ಹಿಮ ನೇರಳೆನೇ ಕಾಣೋದು. ಒಂದಿನ ನಿಂತು ನೋಡಿ.”

“ನನಗೇನ ಹೊಳಿ ಹೊಳೀವಲ್ದಪಾ.”

“ಅಗಸಿ ಎಣ್ಣಿ ಕಲಸ್ತಾಳಂತ ಅದರಾಗ,” ಎಂದರು ಕಾಶಿಬಾಯಿ. “ನಾವು ಚಟ್ನಿ ಮಾಡಿ ಮೂರು ತಿಂಗಳು ತಿನ್ನೋ ಅಗಸೀನ್ನ ಇಕಿ ಕ್ಯಾನ್ವಾಸ್ ಅರಿವಿಗೆ ಹಚ್ಚಿ ಒಣಗಿಸ್ತಾಳ. ಅದೂ ಒಣಗವಲ್ದು.”

“ಚಿತ್ರ ಆಕೀದು, ಹಿಂಸಾ ನಮ್ಮದು,” ಎಂದ ಅನಿರುದ್ಧ್. ಕಾಶಿಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. ಶ್ರಿಯಾ, “ನಾಟ್ ಫನ್ನಿ, ಡ್ಯಾಡ್,” ಎಂದರೂ ಅವಳ ತುಟಿಯೂ ಒಂದಿಷ್ಟು ಅಲುಗಿತು.

ನೀತಾ ನಗಲಿಲ್ಲ. ತಟ್ಟೆಯಲ್ಲಿ ಕೈ ಜಾಡಿಸಿ ಎದ್ದಳು. ಬೇಸ್‌ಮೆಂಟ್ ಬೇಡ, ನಾಳೆಯಿಂದ ಗ್ಯಾರೇಜಿನಲ್ಲಿ ಮಾಡುತ್ತೇನೆ ಎಂದಳು. ಅಲ್ಲಿಂದ ಮನೆಗೆ ಗಾಳಿ ಬರುವುದಿಲ್ಲ.

ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಕಾರಿನ ಜಾಗ. ಅದು ಅನಿರುದ್ಧನದು. ಅವನ ನಗೆ ಅಲ್ಲಿಗೇ ನಿಂತಿತು. ಚಳಿಗಾಲದಲ್ಲಿ ಕಾರು ಹೊರಗೆ ಬಿಡು ಅಂತೀಯಲ್ಲ, ತಲಿ ನೆಟ್ಟಗದನೋ ಇಲ್ಲೋ ಎಂದು ಕೇಳಿದ. ಮಾತಿಗೆ ಮಾತು ಬೆಳೆಯಿತು. ಇಪ್ಪತ್ತೈದು ವರ್ಷದಲ್ಲಿ ಈ ದೇಶದಲ್ಲಿ ತನ್ನದು ಅಂತ ಒಂದು ಮೂಲೆ ಕೇಳಿದ್ದೀನಾ ಎಂದು ಅವಳು; ಕೇಳಿದ್ದೇ ಕೇಳಿದ್ದು, ನೇರ ಕಾರಿನ ಬುಡಕ್ಕೇ ಕೈ ಹಾಕಿದೆ ಎಂದು ಅವನು. ಕೊನೆಗೆ ನೀತಾಳೇ ಪಂಥ ಕಟ್ಟಿದಳು.

“ಸಂಕ್ರಾಂತಿ ಶನಿವಾರದವರೆಗೆ ಕೊಡಿ. ಆವತ್ತು ಮಧ್ಯಾಹ್ನ ಹನ್ನೆರಡರೊಳಗೆ ಚಿತ್ರ ಲೈಬ್ರರಿ ಸೇರದಿದ್ರೆ ಗ್ಯಾರೇಜ್ ನಿಮ್ದು. ಈಸೆಲ್ ಸ್ಟ್ಯಾಂಡ್ ಮಡಚಿ ಅಟ್ಟಕ್ಕೆ ಹಾಕ್ತೀನಿ, ಕ್ಲಾಸೂ ಬಿಡ್ತೀನಿ. ಸೇರಿದ್ರೆ ಗ್ಯಾರೇಜ್ ನಂದು. ಆಮೇಲೆ ಒಂದು ಮಾತು ಆಡಬಾರದು.”

“ಒಂದು ಮಾತೂ?” ಎಂದ ಅನಿರುದ್ಧ್.

“ಒಂದೂ.”

ಅವನಿಗೆ ಅದೇ ದುಬಾರಿ ಅನ್ನಿಸಿರಬೇಕು. ಆದರೂ ಒಪ್ಪಿದ.

ಡಿಸೆಂಬರ್ ಪೂರ್ತಿ ಮನೆ ಹಾಗೇ ನಡೆಯಿತು. ಶನಿವಾರ, ಮತ್ತು ಕ್ಲಿನಿಕ್ಕಿಗೆ ರಜೆಯಿರುವ ಮಂಗಳವಾರ, ನೀತಾ ಬೆಳಿಗ್ಗೆ ಬೇಗ ಎದ್ದು ಉಪ್ಪಿಟ್ಟು ಕೆದಕಿಟ್ಟು, ಅತ್ತೆಗೆ ಚಹಾ ಕೊಟ್ಟು, ಜೋಡಿ ಕಾಲುಚೀಲ, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ನದಿಯ ಸೇತುವೆಯ ಬದಿಗೆ ಹೋಗುವಳು. ಬಿಸಿಲು ಬೇಕಾದ ಹಾಗೆ ಬೀಳುವುದು ಒಂದು ಗಂಟೆಯಷ್ಟು ಹೊತ್ತು ಮಾತ್ರ. ಟ್ಯೂಬಿನಲ್ಲಿ ಬಣ್ಣ ಸೆಡೆತು ಬೆಣ್ಣೆಯಂತಾಗುವುದು. ಒಂದು ದಿನ ಇದ್ದ ಮಂಜುಗಡ್ಡೆ ಮತ್ತೊಂದು ದಿನ ಇರುತ್ತಿರಲಿಲ್ಲ. ನೀರು ಹಸಿರು ಎಂದು ಬಳಿದು ಬಂದರೆ ಮುಂದಿನ ವಾರ ಅದು ಸೀಸದ ಬಣ್ಣ. ಮನೆಗೆ ತಂದು ಗ್ಯಾರೇಜಿನಲ್ಲಿ ಕೋಟು ತೊಟ್ಟೇ ನಿಂತು ತಿದ್ದುವಳು, ಕೆರೆಯುವಳು, ಮತ್ತೆ ತಿದ್ದುವಳು. ನೀರು, ಮರ ತೆಳುವಾಗಿ ಬಂದು ಬೇಗ ಒಣಗಿದವು. ದಡದ ಹಿಮ ಮಾತ್ರ ಕೂಡಿಬರಲಿಲ್ಲ. ಬಿಳಿಯ ಮೇಲೆ ಬಿಳಿ ಏರಿ ಗಾರೆಯ ಹಾಗೆ ದಪ್ಪವಾಯಿತು.

ಇತ್ತ ಡ್ರೈವ್‌ವೇನಲ್ಲಿ ಅನಿರುದ್ಧ್ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಬಿಳಿ ಕೆರೆಯುವುದೇ. ನಡುವೆ ಒಂದು ಗ್ಯಾರೇಜ್ ಬಾಗಿಲು ಅಷ್ಟೇ. ಕ್ರಿಸ್‌ಮಸ್ ರಜೆಗೆ ಎರಡು ದಿನ ಮುಂಚೆ ಅವನು ಕಾರಿನ ಪಕ್ಕದಲ್ಲೇ ಜಾರಿ ಬಿದ್ದು ಮೊಣಕೈ ಊದಿಸಿಕೊಂಡ. ಒಳಗೆ ಬಂದವನು ಯಾರ ದನಿಯನ್ನೂ ಅನುಕರಿಸಲಿಲ್ಲ.

“ನಾ ಸತ್ತರ ಆ ಬರ್ಫದಾಗ ನನ್ನನ್ನೂ ಎರಡು ಟಚ್‌ನ್ಯಾಗ ಹಾಕಿಬಿಡು,” ಎಂದ.

ನೀತಾ ಅವನ ಕೈಗೆ ಐಸ್ ಪ್ಯಾಕ್ ಕಟ್ಟಿದಳು. ಕಾಶಿಬಾಯಿ ಅರಿಶಿನ ಹಾಲು ತಂದುಕೊಟ್ಟು, ಮೂರು ಜನಕ್ಕೂ ಕೇಳುವಂತೆ, ಮನಿ ಗಂಡಸು ಹೊರಗ, ಗ್ವಾಡಿ ಚಿತ್ರ ಒಳಗ, ಎಂಥಾ ಕಾಲ ಬಂತಪ್ಪಾ ಎಂದರು. ಮಹಡಿಯಿಂದ ಶ್ರಿಯಾ, “ಗಾಯ್ಸ್, ಐ ಆಮ್ ಆನ್ ಎ ಕಾಲ್,” ಎಂದು ಬಾಗಿಲು ಹಾಕಿಕೊಂಡಳು. ಆ ವಾರ ಊಟದ ಟೇಬಲ್ಲಿನಲ್ಲಿ ಉಪ್ಪು ಕೇಳುವುದಕ್ಕೂ ಶ್ರಿಯಾಳೇ ಬೇಕಾದಳು.

ಜನವರಿ ಬಂತು. ಕಾಶಿಬಾಯಿ ಕುಸುರೆಳ್ಳಿಗೆ ಕೂತರು. ಸಂಕ್ರಾಂತಿ ಶನಿವಾರ ಸಂಜೆ ವಿಕ್ರಾಂತ, ಅವನ ಹೆಂಡತಿ ಮಾನಸಿ ಬರುವವರಿದ್ದರು. ಅಂಗಡಿಯ ಕುಸುರೆಳ್ಳು ಕೊಡುವ ಮಾತೇ ಇಲ್ಲ. ಸಣ್ಣ ಉರಿಯ ಮೇಲೆ ತಾಟು, ತಾಟಿನಲ್ಲಿ ಎಳ್ಳು, ಅದರ ಮೇಲೆ ಒಂದೊಂದೇ ಚಮಚ ಸಕ್ಕರೆ ಪಾಕ, ಅಂಗೈಯಿಂದ ಹಗುರಾಗಿ ಉಜ್ಜುವುದು, ಒಣಗಲು ಬಿಡುವುದು, ಮತ್ತೆ ಒಂದು ಚಮಚ. ದಿನಗಟ್ಟಲೆ ಹೀಗೆ ಮಾಡಿದರೆ ಎಳ್ಳಿನ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಚಳಿ ಹೆಚ್ಚಿದ್ದಷ್ಟೂ ಮುಳ್ಳು ಚೆನ್ನ. ಆ ವಿಷಯದಲ್ಲಿ ಮಾತ್ರ ಅವರಿಗೆ ನ್ಯೂಜೆರ್ಸಿಯ ಮೇಲೆ ದೂರಿರಲಿಲ್ಲ.

ಗುರುವಾರ ಸಂಜೆ ನೀತಾ ಗ್ಯಾರೇಜಿನಲ್ಲಿ ದಡದ ಹಿಮದ ಮೇಲೆ ಕೊನೆಯ ಬಿಳಿ ಇಡುತ್ತಿದ್ದಳು. ಅಡುಗೆಮನೆಯ ಬಾಗಿಲು ತೆರೆಯಿತು. ಕಾಶಿಬಾಯಿ ಚಹಾದ ಕಪ್ಪು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಕುಸುರೆಳ್ಳು ಟರ್ಪೆಂಟೈನ್ ನಾರುತ್ತದೆ ಎಂದು ಹೇಳಲು ಬಂದದ್ದು. ಚಹಾ ಒಂದು ನೆಪ. ಕಪ್ಪಿನ ಹಬೆಗೆ ಚಶ್ಮಾ ಮಸುಕಾಯಿತು. ಅದನ್ನು ತೆಗೆದು ಸೆರಗಿಗೆ ಒರೆಸುತ್ತ ತಲೆಯೆತ್ತಿದವರು ಹಾಗೇ ನಿಂತರು.

“ಅಯ್ಯ, ಹೊಳಿ ಹರೀಲಿಕ್ಕತ್ತದಲ್ಲ.”

ನೀತಾ ತಿರುಗಿದಳು.

ಕಾಶಿಬಾಯಿ ಚಶ್ಮಾ ಹಾಕಿಕೊಂಡರು. “ಈಗಿಲ್ಲ. ಮೊಸರನ್ನ ಚೆಲ್ಲಿದ್ಹಂಗ ಅದ.” ಮತ್ತೆ ತೆಗೆದರು. “ಈಗದ. ನೀರು, ಬಿಸಲು, ಎಲ್ಲಾ ಅದ.” ಅವರಿಗೆ ದೂರದ್ದು ಕಾಣದ ಕಣ್ಣು, ಚಶ್ಮಾ ಇಲ್ಲದೆ ಬಣ್ಣದ ಮುದ್ದೆಗಳೆಲ್ಲ ಕರಗಿ ಒಂದಾಗಿದ್ದವು. “ಇಷ್ಟು ದಿನ ಯಾಕವಾ ಹೇಳಲಿಲ್ಲ, ಚಶ್ಮಾ ತಗದು ನೋಡ್ಬೇಕಂತ?”

ನೀತಾ ಕೈ ಒರೆಸಿಕೊಂಡಳು. ಚಹಾ ತೆಗೆದುಕೊಂಡಳು. ಕಾಶಿಬಾಯಿ ಮೆಟ್ಟಿಲ ಮೇಲೇ ಕೂತರು. ಇನ್ನೂ ಯಾಕೆ ಒಣಗಿಲ್ಲ ಎಂದು ಕೇಳಿದರು. ದಡದ ಮೇಲೆ ದಪ್ಪ ಇದೆ ಅತ್ತೆ, ಅದು ಇನ್ನೂ ವಾರಗಟ್ಟಲೆ ಹಸಿ, ಯಾರೂ ಮುಟ್ಟಬಾರದು ಅಷ್ಟೇ, ಎಂದಳು ನೀತಾ.

“ನಮ್ಮ ಕುಸುರೆಳ್ಳಿನ್ಹಂಗ. ಅವಸರ ಮಾಡಿದ್ರ ಮುಳ್ಳು ಏಳೂದಿಲ್ಲ,” ಎಂದರು ಕಾಶಿಬಾಯಿ. ವಾಸನೆಯ ಮಾತು ಎತ್ತದೆಯೇ ಒಳಗೆ ಹೋದರು.

ಶುಕ್ರವಾರ ಊಟದ ಹೊತ್ತಿಗೆ ಸೊಸೆಯ ಚಿತ್ರವನ್ನು ಹೊಗಳಿದ್ದೇ ಕಾಶಿಬಾಯಿ. ಅನಿರುದ್ಧ್ ಚಮಚ ಕೆಳಗಿಟ್ಟ. ಪಂಥ ಕೈತಪ್ಪುತ್ತಿತ್ತು, ಜೊತೆಗೆ ತಾಯಿಯೂ. ದೇವಸ್ಥಾನದಲ್ಲಿ ಹೊಸ ಕಾರಿಗೆ ಪೂಜೆ ಮಾಡುವ ಭಟ್ಟರ ದನಿ ತೆಗೆದ. ಮೂಗಿನಿಂದ ಎರಡು ಸಾಲು ಮಂತ್ರದಂಥದ್ದು ಅಂದು, “ಹೊಸಾ ಗಾಡಿ ಹೊರಡೂಮುಂದ ಪೂಜಿ ಮಾಡ್ತೀವಿ. ಇದೂ ಗ್ಯಾರೇಜಿನ್ಯಾಗ ನಿಂತದ, ನಾಳೆ ಹೊರಡ್ತದ. ಅವ್ವಾ, ಇದಕ್ಕೂ ಒಂದಿಷ್ಟು ಅಕ್ಷತಿ ಹಾಕಿ ಕಳಿಸಿಬಿಡು,” ಎಂದ. ಶ್ರಿಯಾ ನಕ್ಕಳು. ನೀತಾ ಕೂಡ, ಬಹಳ ದಿನದ ಮೇಲೆ, ಸ್ವಲ್ಪ ನಕ್ಕಳು.

ಕಾಶಿಬಾಯಿ ನಗಲಿಲ್ಲ. ಅವರು ಅದನ್ನು ನಿಜದ ಮಾತು ಅಂದುಕೊಂಡಿದ್ದರು.

ಶನಿವಾರ ಬೆಳಿಗ್ಗೆ ನೀತಾ ತಲೆಗೆ ಸ್ನಾನ ಮಾಡಿ, ಚಿತ್ರ ಇಡಲು ಮಾಡಿಟ್ಟಿದ್ದ ರಟ್ಟಿನ ಪೆಟ್ಟಿಗೆ ಹಿಡಿದು ಗ್ಯಾರೇಜಿಗೆ ಇಳಿದಳು. ಈಸೆಲ್‌ನ ಕಾಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಕೆಳಗೆ ಒಡೆದ ತೆಂಗಿನಕಾಯಿ, ಆರಿದ ಆರತಿ. ಚಿತ್ರದ ಮೇಲೆ, ಮೇಲಿನಿಂದ ಕೆಳಗಿನವರೆಗೆ, ಕುಂಕುಮ ಕಲಸಿದ ಕೆಂಪು ಅಕ್ಕಿ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು. ದಡದ ಹಸಿ ಹಿಮದಲ್ಲಿ ಹಿಡಿಗಟ್ಟಲೆ ಹೂತುಕೊಂಡು, ಪ್ರತಿ ಕಾಳಿನ ಸುತ್ತ ಕೆಂಪು ಬಣ್ಣ ಎಣ್ಣೆಗೆ ಇಳಿಯುತ್ತಿತ್ತು.

ಅವಳು ಕೂಗಲಿಲ್ಲ. ಕೈಯಿಂದ ಪೆಟ್ಟಿಗೆ ಜಾರಿದ ಸದ್ದಿಗೇ ಎಲ್ಲರೂ ಬಂದರು. ಕಾಶಿಬಾಯಿ ರೇಷ್ಮೆ ಸೀರೆ ಉಟ್ಟಿದ್ದರು. ಸೊಸೆಯ ಮುಖ ನೋಡಿ ಅವರ ಕೈ ತಂತಾನೇ ಸೆರಗಿಗೆ ಹೋಯಿತು.

“ನೀ ಮುಟ್ಟಬ್ಯಾಡ ಅಂದಿದ್ದಿ. ನಾ ಮುಟ್ಟಿಲ್ಲವಾ. ದೂರಿಂದ ಹಾಕೀನಿ.”

ನೀತಾ ಗಂಡನ ಕಡೆ ತಿರುಗಿದಳು. “ನಿಮಗೆ ಗ್ಯಾರೇಜ್ ಬೇಕಿತ್ತು.”

“ನಾ ಜೋಕ್ ಮಾಡಿದ್ದೆ, ನೀತಾ.”

“ನೀವು ಯಾವಾಗ ಮಾಡಿಲ್ಲ?”

“ಅವ್ವ ಖರೇನ ಹಾಕ್ತಾಳಂತ ನನಗ…”

“ನಿಮ್ಮಮ್ಮ ದೇವರ ವಿಷ್ಯದಲ್ಲಿ ಯಾವತ್ತಾದ್ರೂ ತಮಾಷೆ ಮಾಡಿದ್ದು ನೋಡಿದ್ದೀರಾ? ಐವತ್ತು ವರ್ಷದಿಂದ ಅವರ ಮಗ ನೀವು.”

ಅನಿರುದ್ಧನ ಬಾಯಿ ತೆರೆದಿತ್ತು. ಅದರಿಂದ ಯಾರ ದನಿಯೂ ಬರಲಿಲ್ಲ. ಅವನದೂ. ಶ್ರಿಯಾ ಮೆಲ್ಲಗೆ, “ಮಾಮ್, ವಿ ಹ್ಯಾವ್ ಫೋರ್ ಅವರ್ಸ್,” ಎಂದಳು.

ಕಾಶಿಬಾಯಿ ಮುಂದೆ ಬಂದು ಚಶ್ಮಾ ತೆಗೆದು ಸೊಂಟಕ್ಕೆ ಸಿಕ್ಕಿಸಿದರು. ಹತ್ತಿರದ್ದು ಅವರಿಗೆ ಚಶ್ಮಾ ಇಲ್ಲದಿದ್ದರೇ ಸ್ಪಷ್ಟ. ಸೂಜಿಗೆ ದಾರ ಪೋಣಿಸುವುದೂ ಹಾಗೇ. ಶ್ರಿಯಾಳಿಗೆ ಹುಬ್ಬು ಕೀಳುವ ಚಿಮುಟ ತಾ ಎಂದರು. ನೀತಾ ಒಂದು ಗಳಿಗೆ ದಾರಿಗೆ ಅಡ್ಡ ನಿಂತಳು.

“ಮುಟ್ಟಲ್ಯಾ?” ಎಂದು ಕೇಳಿದರು ಕಾಶಿಬಾಯಿ.

ನೀತಾ ಪಕ್ಕಕ್ಕೆ ಸರಿದಳು.

ನೀರಿನ ಮೇಲೆ, ಮರದ ಮೇಲೆ ಬಿದ್ದ ಕಾಳುಗಳು ಸಲೀಸಾಗಿ ಬಂದವು. ಅಲ್ಲಿ ಬಣ್ಣ ಒಣಗಿತ್ತು. ಕಾಶಿಬಾಯಿ ಉಸಿರು ಬಿಗಿ ಹಿಡಿದು ಒಂದೊಂದನ್ನೇ ಎತ್ತಿ ಶ್ರಿಯಾಳ ಅಂಗೈಗೆ ಹಾಕಿದರು. ದಡಕ್ಕೆ ಬಂದಾಗ ಮೊದಲ ಕಾಳಿನ ಜೊತೆಗೇ ಹಿಮದ ಒಂದು ಹೆಂಟೆ ಎದ್ದು ಬಂತು, ಗುಲಾಬಿ ಗೆರೆ ಎಳೆದುಕೊಂಡು. ಅವರು ಚಿಮುಟ ಹಿಂದಕ್ಕೆಳೆದರು.

“ಬಿಡಿ ಅತ್ತೆ,” ಎಂದಳು ನೀತಾ.

ಬಣ್ಣ ಕಲಸುವ ಚಾಕು ಎತ್ತಿಕೊಂಡಳು. ಎಡ ತುದಿಗೆ ಊರಿ, ಒಂದೇ ಎಳೆತಕ್ಕೆ ದಡವನ್ನು ಕೆರೆದಳು. ಆರು ವಾರದ ಬಿಳಿ, ಅಕ್ಕಿಯ ಸಮೇತ, ಮೊಸರನ್ನದ ಹಾಗೆ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬಿತ್ತು. ಕಾಶಿಬಾಯಿ ಕಣ್ಣು ಮುಚ್ಚಿಕೊಂಡರು. ಎರಡನೇ ಸಲ, ಮೂರನೇ ಸಲ. ಕ್ಯಾನ್ವಾಸಿನ ಕೆಳಭಾಗದಲ್ಲಿ ಬರೀ ಗುಲಾಬಿ ಕಲೆ ಉಳಿಯಿತು.

“ಬಾಗಿಲು ಎತ್ತಿ, ಬೆಳಕು ಬೇಕು,” ಎಂದಳು, ಯಾರ ಮುಖವನ್ನೂ ನೋಡದೆ.

ಅನಿರುದ್ಧ್ ಗ್ಯಾರೇಜಿನ ಬಾಗಿಲು ಎತ್ತಿಸಿದ. ಚಳಿ ಒಳಗೆ ನುಗ್ಗಿತು. ಹೊರಗೆ ಡ್ರೈವ್‌ವೇ ಪಕ್ಕದ ಹಿಮದ ಮೇಲೆ ಬಿಸಿಲು ಬಿದ್ದಿತ್ತು. ನೀತಾ ಒಮ್ಮೆ ಅದನ್ನು ನೋಡುವಳು, ಒಮ್ಮೆ ಬ್ರಷ್ ಊರುವಳು. ಇಟ್ಟದ್ದನ್ನು ತಿದ್ದಲು ಹೊತ್ತಿರಲಿಲ್ಲ, ಇಟ್ಟಲ್ಲೇ ಬಿಟ್ಟಳು. ಗುಲಾಬಿಯನ್ನು ಒರೆಸಲೂ ಹೊತ್ತಿರಲಿಲ್ಲ. ಅದು ಬಿಳಿಯೊಳಗೆ ಅಲ್ಲಲ್ಲಿ ಕಲೆತುಹೋಯಿತು. ಕಾಶಿಬಾಯಿ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತೇ ಇದ್ದರು. ಅಡುಗೆಮನೆಯಲ್ಲಿ ಅನಿರುದ್ಧ್ ಹೇಳಿಸಿಕೊಳ್ಳದೆ ಸಂಜೆಯ ಕಬ್ಬು ಸುಲಿದು ಹೆಚ್ಚಿದ, ಬೆಲ್ಲ ಚೂರು ಮಾಡಿದ, ಪಾತ್ರೆ ತೊಳೆದ. ಆಮೇಲೆ ಹೋಗಿ ಕಾರಿನ ಗಾಜು ಕೆರೆದು, ಹೀಟರ್ ಹಾಕಿ, ಹಿಂದಿನ ಸೀಟು ಮಡಚಿಟ್ಟ.

ಹನ್ನೊಂದು ದಾಟಿತ್ತು. ನೀತಾ ಬ್ರಷ್ ಕೆಳಗಿಟ್ಟಳು. ಶ್ರಿಯಾ ಹಿಂದಕ್ಕೆ ಸರಿದು ಸರಿದು ಡ್ರೈವ್‌ವೇ ತುದಿಗೆ ಹೋಗಿ ನಿಂತು ನೋಡಿದಳು. ಬಂದು ಪೆಟ್ಟಿಗೆಯ ಒಂದು ಬದಿ ಹಿಡಿದಳು.

ಅನಿರುದ್ಧ್ ಮೊಟ್ಟೆ ಸಾಗಿಸುವವನ ಹಾಗೆ ಕಾರು ಓಡಿಸಿದ. ಪಕ್ಕದಲ್ಲಿ ನೀತಾ ಹಿಂದಕ್ಕೆ ಕೈ ಚಾಚಿ ಪೆಟ್ಟಿಗೆ ಹಿಡಿದೇ ಕೂತಿದ್ದಳು. ಲೈಬ್ರರಿಯಲ್ಲಿ ಲೊರೇನ್ ಬಾಗಿಲಲ್ಲೇ ಕಾಯುತ್ತಿದ್ದಳು. ಚಿತ್ರ ನೋಡಿದಳು, ನೀತಾಳನ್ನು ನೋಡಿದಳು, ಕುತ್ತಿಗೆ ಓರೆ ಮಾಡಿದಳು. ಲೂಸನ್ ಅಪ್ ಅನ್ನಲಿಲ್ಲ. ದಡ ಯಾವಾಗ ಮಾಡಿದೆ ಎಂದಷ್ಟೇ ಕೇಳಿದಳು. ಈಗ, ಎಂದಳು ನೀತಾ. ಹಸಿ ಇದೆ, ಹುಷಾರು ಎಂದು ಒಂದು ಚೀಟಿ ಬರೆದು ಲೊರೇನ್ ಅದನ್ನು ಪೆಟ್ಟಿಗೆಯ ಮೇಲೆ ಅಂಟಿಸಿದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು.

ವಾಪಸು ಬಂದಾಗ ಗ್ಯಾರೇಜಿನ ಬಾಗಿಲು ಎತ್ತಿಯೇ ಇತ್ತು. ಒಳಗೆ ಬರಿಯ ಈಸೆಲ್, ಕಾಲಿಗೆ ಅರಿಶಿನ ಕುಂಕುಮ. ಅನಿರುದ್ಧ್ ಡ್ರೈವ್‌ವೇ ಮಧ್ಯದಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೂತ.

“ಇವತ್ತ ರಾತ್ರಿ ಆರು ಇಂಚು ಬರ್ಫ ಬೀಳ್ತದಂತ,” ಎಂದ.

“ಹೂಂ.”

“ಹೊಳಿ ಅಂತೂ ಹೋತು. ಜಾಗಾ ಖಾಲೀನ ಅದ.”

“ಖಾಲಿ ಇಲ್ಲ,” ಎಂದಳು ನೀತಾ. “ಮಂಗಳವಾರ ಇನ್ನೊಂದು ಶುರು ಮಾಡ್ತೀನಿ.”

ಅವನು ಇಂಜಿನ್ ಆರಿಸಿದ. ಇಳಿದು, ಗಾಜಿಗೆ ಅಂಟಿಕೊಳ್ಳದಿರಲೆಂದು ವೈಪರ್ ಎರಡನ್ನೂ ಮೇಲಕ್ಕೆತ್ತಿ ನಿಲ್ಲಿಸಿದ. ಕಾರು ಕೈ ಎರಡೂ ಎತ್ತಿ ಶರಣಾದವರ ಹಾಗೆ ಡ್ರೈವ್‌ವೇನಲ್ಲಿ ನಿಂತಿತು.

ಬಾಗಿಲಲ್ಲಿ ಕಾಶಿಬಾಯಿ ಬಟ್ಟಲು ಹಿಡಿದು ಕಾಯುತ್ತಿದ್ದರು. ಮೊದಲು ಸೊಸೆಯ ಅಂಗೈಗೆ ಕುಸುರೆಳ್ಳು ಹಾಕಿದರು. “ಹೋತೇನವಾ?”

“ಹೋಯ್ತು ಅತ್ತೆ.”

ಆಮೇಲೆ ಮಗನ ಅಂಗೈಗೆ. “ತಗೋ ಅನ್ಯಾ. ಎಳ್ಳು ತಿಂದು ಒಳ್ಳೇ ಮಾತಾಡು.”

ಅನಿರುದ್ಧನ ತುದಿನಾಲಿಗೆಗೆ ಏನೋ ಬಂತು. ಬಂದದ್ದು ಅವನ ಮುಖದಲ್ಲೇ ಕಾಣಿಸಿತು. ನೀತಾ ಅವನನ್ನೇ ನೋಡುತ್ತಿದ್ದಳು. ಅವನು ಅಷ್ಟೂ ಕುಸುರೆಳ್ಳನ್ನು ಒಮ್ಮೆಗೇ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.